ನಾಲ್ಕು ಹೆಸರು ಉಚಿತ

ಮೂರನೆಯ ಕಾಗದವೂ ಅದೇ ದಿನದ ಮಾತೆತ್ತಿದಾಗ ಸುಮಿತ್ರಾ ಅದನ್ನು ಪೂರ್ತಿ ಓದಲಿಲ್ಲ. ಮಡಿಸಿ ಪಂಚಾಂಗದೊಳಗೆ ಸೇರಿಸಿ, ಪಂಚಾಂಗವನ್ನು ಕಪಾಟಿನ ಮೇಲುಹಲಗೆಯಲ್ಲಿ ಇಟ್ಟುಬಿಟ್ಟಳು.

ಮೊದಲ ಕಾಗದ ಬಂದಿದ್ದು ಮಾತುಂಗದ ಒಬ್ಬ ಬ್ಯಾಂಕ್ ಅಧಿಕಾರಿಯಿಂದ. ‘ವೈಶಾಖ ಬಹುಳ ಪಂಚಮಿಯ ದಿನ ನಿಮ್ಮ ಪ್ರೋಗ್ರಾಮು ಎರಡು ಸಲ ಕೂಗಿತು. ಆದರೆ ಪರದೆಯ ಮೇಲೆ ಹೆಸರು ಬರಲಿಲ್ಲ. ಆ ತಿಥಿಯಂದು ನಮ್ಮಲ್ಲಿ ಯಾರೂ ತೀರಿಕೊಂಡಿಲ್ಲ. ದಯವಿಟ್ಟು ಪರಿಶೀಲಿಸಿ.’ ಎರಡನೆಯದು ಪುಣೆಯಿಂದ, ಹೆಚ್ಚುಕಡಿಮೆ ಇದೇ ಮಾತು. ಮೂರನೆಯದು ಡೊಂಬಿವಲಿಯ ನೀಲಾಬಾಯಿ ಎಂಬ ನಿವೃತ್ತ ಶಿಕ್ಷಕಿಯದು. ತಮ್ಮ ಮೊಮ್ಮಗಳು ಅಂದಿನಿಂದ ಕಂಪ್ಯೂಟರ್ ಇರುವ ಕೋಣೆಗೆ ಒಬ್ಬಳೇ ಹೋಗಲು ಒಪ್ಪುತ್ತಿಲ್ಲ ಎಂದು ಆಕೆ ಬರೆದಿದ್ದರು.

ಪರಿಶೀಲಿಸುವುದು ಏನೂ ಕಷ್ಟದ ಕೆಲಸವಾಗಿರಲಿಲ್ಲ. ಕೊಟ್ಟ ಫ್ಲಾಪಿಗಳಲ್ಲಿ ಒಂದನ್ನು ತರಿಸಿ ಒಳಗೆ ನೋಡಿದರೆ ಸಾಕಿತ್ತು. ಆದರೆ ವೈಶಾಖ ಬಹುಳ ಪಂಚಮಿ ಯಾರ ತಿಥಿ ಎಂಬುದು ಸುಮಿತ್ರಾಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವಳು ನೋಡಲಿಲ್ಲ. ಪ್ರತಿ ತಿಥಿಯಲ್ಲೂ ಯಾರಾದರೊಬ್ಬರು ಹೋಗಿಯೇ ಇರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ಹನ್ನೆರಡು ವರ್ಷದ ಹಿಂದೆ, ಅದೇ ಪಂಚಮಿಯ ದಿನ, ಅವಳ ತಮ್ಮ ನಾಣಿ ಕುರ್ಲಾ ಮತ್ತು ತಿಲಕ್ ನಗರದ ನಡುವೆ ಲೋಕಲ್‌ನಿಂದ ಬಿದ್ದಿದ್ದ. ಹತ್ತೊಂಬತ್ತು ವರ್ಷ. ಅಕ್ಕನ ಕಂಪ್ಯೂಟರ್ ಕೋರ್ಸಿನ ಅರ್ಜಿ ಕೊಟ್ಟು ಬರುತ್ತೇನೆಂದು ಹೋಗಿದ್ದ. ‘ನನಗೆ ದಾರೀಲೇ ಸಿಗುತ್ತೆ, ನೀನ್ಯಾಕೆ ಬಿಸಿಲಲ್ಲಿ ಬರ್ತೀಯ’ ಎಂದಿದ್ದ. ಅರ್ಜಿ ಅವನು ತಲುಪಿಸಿಯೇ ಇದ್ದ; ವಾಪಸು ಬರುವಾಗ ಹೀಗಾಯಿತು. ಆ ಕೋರ್ಸು ಮುಗಿಸಿದ್ದಕ್ಕೇ ಸುಮಿತ್ರಾಳಿಗೆ ನಾರಿಮನ್ ಪಾಯಿಂಟಿನಲ್ಲಿ ಕೆಲಸ ಸಿಕ್ಕಿದ್ದು. ತಂದೆ ಮಗನಿಗೆ ತಿಥಿ ಮಾಡುವ ಪದ್ಧತಿ ತಮ್ಮಲ್ಲಿಲ್ಲ ಎಂದು ಅಪ್ಪ ಕೇಶವಮೂರ್ತಿ ಒಂದೇ ಸಲ ಹೇಳಿದ್ದರು. ಆಮೇಲೆ ಚೆಂಬೂರಿನ ಆ ಎರಡು ಕೋಣೆಯ ಮನೆಯಲ್ಲಿ ತಿಥಿಯ ಮಾತಿರಲಿ, ಹೆಸರೂ ಏಳಲಿಲ್ಲ. ಏಳಬಾರದೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಅವನ ಚಪ್ಪಲಿ ಇಡುತ್ತಿದ್ದ ಜಾಗ ಮಾತ್ರ ಬಾಗಿಲ ಹಿಂದೆ ಹಾಗೇ ಖಾಲಿ ಇತ್ತು.

ಪ್ರೋಗ್ರಾಮು ಹುಟ್ಟಿದ್ದು ಬೇರೆಯೇ ಕಾರಣಕ್ಕೆ. ಅಜ್ಜನ ತಿಥಿ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಯಾವ ದಿನ ಬೀಳುತ್ತದೆ ಎಂದು ಅಪ್ಪ ಪ್ರತಿ ವರ್ಷ ಮಠಕ್ಕೆ ಹೋಗಿ ಕೇಳಿ ಬರುತ್ತಿದ್ದರು. ಅವಳು ಕಂತಿನ ಮೇಲೆ ಒಂದು ಕಂಪ್ಯೂಟರ್ ಕೊಂಡಾಗ, ಆ ಓಡಾಟವನ್ನಾದರೂ ತಪ್ಪಿಸೋಣ ಎಂದು ಕೂತಳು. ಹೋದವರ ಹೆಸರು, ಹೋದ ತಾರೀಖು ಟೈಪ್ ಮಾಡಿದರೆ ತಿಥಿ ಹೇಳುತ್ತಿತ್ತು. ಮುಂದೆ ವರ್ಷವರ್ಷವೂ ಆ ತಿಥಿ ಬಂದ ದಿನ ಯಂತ್ರ ಶುರು ಮಾಡಿದ ಕೂಡಲೇ ಎರಡು ಸಲ ಕೂಗಿ ಹೆಸರು ತೋರಿಸುತ್ತಿತ್ತು. ಆಫೀಸಿನಲ್ಲಿ ಒಬ್ಬರು ಕೇಳಿದರು, ಅವರ ಷಡ್ಡಕರು ಕೇಳಿದರು. ಹಾಗೆ ಕೇಳುವವರು ಹತ್ತಾದಾಗ, ಇದನ್ನು ಹೊರಗೆ ಬಿಟ್ಟರೆ ಹೇಗೆ ಎಂಬ ಯೋಚನೆ ಬಂತು.

ಬಿಡುವುದಕ್ಕೆ ಸಿಕ್ಕವನು ರಮಾನಾಥ. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಅವನ ಚಿಕ್ಕಪ್ಪನ ಉಡುಪಿ ಹೋಟೆಲು. ಅದರ ಅಟ್ಟದ ಮೇಲೆ ಇವನ ಫ್ಲಾಪಿ ಅಂಗಡಿ. ಯಾವ ಪ್ರೋಗ್ರಾಮು ಬೇಕೆಂದರೂ ಮೂವತ್ತು ರೂಪಾಯಿಗೆ ಕಾಪಿ ಮಾಡಿ ಕೊಡುತ್ತಿದ್ದ.

“ಅಕ್ಕ, ಈ ಶೇರ್‌ವೇರ್ ಅಂದ್ರೆ ಎಂತ? ಮೊದಲು ಊಟ ಮಾಡಿ, ರುಚಿ ಹತ್ತಿದ್ರೆ ಬಿಲ್ಲು ಕೊಡಿ, ಅಷ್ಟೇ ಅಲ್ವಾ? ನಮ್ಮ ಚಿಕ್ಕಪ್ಪ ಹಾಗೆ ಹೋಟೆಲು ನಡೆಸಿದ್ರೆ ನಾನಿವತ್ತು ಕೆಳಗೆ ಕಪ್ಪು ತೊಳೀತಾ ಇರ್ತಿದ್ದೆ.”

“ಹೊರದೇಶದಲ್ಲಿ ಜನ ಕಳಿಸ್ತಾರಂತೆ ರಮಾನಾಥ್.”

“ಹೊರದೇಶದಲ್ಲಿ ರಸ್ತೆ ಮೇಲೆ ಉಗುಳೂದೂ ಇಲ್ಲವಂತೆ. ಇದು ಗ್ರಾಂಟ್ ರೋಡು.” ಅವನು ಚಹಾದ ಗ್ಲಾಸು ಅವಳ ಕಡೆ ಸರಿಸಿದ. “ಪೂರ್ತಿ ಕೊಟ್ರೆ ಯಾರೂ ದುಡ್ಡು ಕೊಡೂದಿಲ್ಲ. ಏನೂ ಕೊಡದಿದ್ರೆ ಯಾರೂ ಮುಟ್ಟೂದಿಲ್ಲ. ಮೂವತ್ತು ದಿನ ಆದ ಮೇಲೆ ನಿಂತುಹೋಗುವ ಹಾಗೆ ಮಾಡಿಬಿಡಿ.”

“ತಿಥಿ ಬರೋದು ವರ್ಷಕ್ಕೊಂದು ಸಲ. ಮೂವತ್ತು ದಿನದಲ್ಲಿ ಅವರಿಗೆ ಏನು ಗೊತ್ತಾಗುತ್ತೆ?”

“ಹಾಗಾದ್ರೆ ತಲೆ ಲೆಕ್ಕ ಇಡಿ. ಇಷ್ಟು ಹೆಸರು ಪುಕ್ಕಟೆ, ಮುಂದಿನವರಿಗೆ ದುಡ್ಡು.”

“ನಾಲ್ಕು,” ಎಂದಳು ಸುಮಿತ್ರಾ, ಯೋಚಿಸದೆ.

ಅಪ್ಪ, ಅಮ್ಮ, ಅಜ್ಜ, ಅಜ್ಜಿ. ಸಾಮಾನ್ಯ ಸಂಸಾರಕ್ಕೆ ಅಷ್ಟು ಸಾಕು ಎಂದು ಅವನಿಗೆ ವಿವರಿಸಿದಳು. ತಮ್ಮ ಮನೆಯಲ್ಲಿ ಹೋದವರ ಲೆಕ್ಕವೂ ನಾಲ್ಕೇ, ಹೆಸರು ಹೇಳುವಂಥ ಮೂವರು, ಹೇಳದ ಒಬ್ಬ, ಎಂಬುದನ್ನು ಹೇಳಲಿಲ್ಲ.

ಬೆಲೆಯ ಮಾತಿಗೆ ಇನ್ನೊಂದು ಗ್ಲಾಸು ಚಹಾ ಆಯಿತು. ಐವತ್ತು ಇಟ್ಟರೆ ಕಸ ಅಂದುಕೊಳ್ಳುತ್ತಾರೆ, ಐನೂರು ಇಟ್ಟರೆ ವಾರದೊಳಗೆ ಯಾರಾದರೂ ಬೀಗ ಒಡೆಯುತ್ತಾರೆ ಎಂದ ರಮಾನಾಥ. ನೂರಾ ಒಂದು ಎಂದು ನಿಶ್ಚಯವಾಯಿತು. ಬೀಗದ ವಿಷಯ ಅವಳೇ ಯೋಚಿಸಿಕೊಂಡು ಬಂದಿದ್ದಳು. ಹಣ ಕಳಿಸುವವರು ತಮ್ಮ ಯಂತ್ರದಲ್ಲಿರುವ ಮೊದಲ ನಾಲ್ಕು ಹೆಸರುಗಳನ್ನೂ ಬರೆದು ಕಳಿಸಬೇಕು. ಬಾಗಿಲು ತೆರೆಯುವ ಸಂಖ್ಯೆಯನ್ನು ಅವಳು ಆ ಹೆಸರುಗಳಿಂದಲೇ ಮಾಡಿ ಕೊಡುತ್ತಾಳೆ. ಬೇರೆ ಹೆಸರಿದ್ದ ಕಡೆ ಆ ಸಂಖ್ಯೆ ನಡೆಯದು.

“ಯಾರು ತಾನೇ ತಮ್ಮ ಅಜ್ಜನನ್ನ ಪಕ್ಕದ ಮನೆಗೆ ಕಾಪಿ ಮಾಡಿ ಕೊಡ್ತಾರೆ?” ಎಂದಳು.

ರಮಾನಾಥ ಜೋರಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ ಅವಳ ಮುಖ ನೋಡಿದ. “ನಿಮ್ಮ ತಲೆ ಸ್ವಲ್ಪ ಹೆದರಿಕೆ ಹುಟ್ಟಿಸ್ತದೆ ಮಾರಾಯ್ರೆ.”

‘ನಾಲ್ಕು ಹೆಸರು ಉಚಿತ. ಐದನೆಯದರಿಂದ ರೂ. ೧೦೧’ ಎಂದು ಕಾಗದದ ಚೀಟಿಯ ಮೇಲೆ ಬರೆದು ಫ್ಲಾಪಿಯ ಜೊತೆ ಕೊಟ್ಟು ಬಂದಳು. ತೊಂಬತ್ತರ ಶ್ರಾವಣದಲ್ಲಿ.

ಕಾಗದಗಳು ಬರತೊಡಗಿದವು. ಒಂದೊಂದೂ ಒಂದು ಸಾವಿನ ಸುದ್ದಿ. ಮನೆಯಲ್ಲಿ ಹೊಸದಾಗಿ ಯಾರಾದರೂ ಹೋದಾಗಲೇ ಅಲ್ಲವೇ ಜನಕ್ಕೆ ಹೆಚ್ಚಿನ ಜಾಗ ಬೇಕಾಗುವುದು? ಇದನ್ನು ಅವಳು ಮೊದಲೇ ಯೋಚಿಸಿರಲಿಲ್ಲ. ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು ಅವನ್ನು ಬಿಚ್ಚುತ್ತಿದ್ದಳು. ಸಂಖ್ಯೆ ಮಾಡಿಕೊಡಲೆಂದು ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು, ಮನೆಗೆ ನಾಲ್ಕು ಗೆರೆಯಂತೆ. ಎಲ್ಲರೂ ಕಳಿಸುತ್ತಿದ್ದುದು ಮೂರೇ ಹೆಸರು. ಮೊದಲೆರಡು ಸಲ ಮರೆತಿರಬೇಕು ಎಂದುಕೊಂಡಳು. ಆಮೇಲೆ ಪುಟ ತಿರುವಿದಂತೆಲ್ಲ ಅದೇ: ಮೂರು ಗೆರೆ ತುಂಬಿ ನಾಲ್ಕನೆಯದು ಖಾಲಿ. ಇದ್ದ ಮೂರು ಹೆಸರಿನಿಂದಲೇ ಸಂಖ್ಯೆ ಮಾಡಿ ಕಳಿಸಿದಳು. ‘ನಾಲ್ಕು ಎಂದು ಬರೆದಿದ್ದೀರಿ, ಮೂರಕ್ಕೇ ಜಾಗವಿಲ್ಲ ಎನ್ನುತ್ತದೆ’ ಎಂದು ಕೆಲವರು ತಕರಾರು ಮಾಡಿದರು. ತನ್ನ ಯಂತ್ರದಲ್ಲಿ ಹೊಸದಾಗಿ ನಾಲ್ಕು ಹೆಸರು ಹಾಕಿ ನೋಡಿದಳು, ಸಲೀಸಾಗಿ ಹೋದವು. ಜನಕ್ಕೆ ಎಣಿಸಲು ಬರುವುದಿಲ್ಲ ಎಂದುಕೊಂಡಳು.

ಇನ್ನೊಂದು ವಿಚಿತ್ರ, ಮನಿಯಾರ್ಡರುಗಳೆಲ್ಲ ನೂರೇ ರೂಪಾಯಿಯವು. ಒಂದು ದಿನ ಅದನ್ನು ಆಡಿ ನಕ್ಕಾಗ, ಅಕ್ಕಿ ಆರಿಸುತ್ತಿದ್ದ ತಾಯಿ ಅಮ್ಮಣ್ಣಿ ತಲೆಯೆತ್ತದೆ ಹೇಳಿದರು: “ಹೋದವರ ಕೆಲಸಕ್ಕೆ ಮೇಲೊಂದು ರೂಪಾಯಿ ಇಡ್ತಾರೇನೇ? ಅದು ಮದುವೆ ಮುಂಜಿಗೆ. ಇಷ್ಟು ಓದಿ ನಿಂಗೆ ಅದೂ ತಿಳೀಲಿಲ್ವೆ.” ಎಷ್ಟೋ ಹೊತ್ತು ಬಿಟ್ಟು, ಅಕ್ಕಿಯ ಮೊರವನ್ನು ತಟ್ಟುತ್ತಾ, ಏನೋ ಕೇಳಬೇಕೆಂಬಂತೆ ಮಗಳ ಕಡೆ ನೋಡಿದರು. ಮತ್ತೆ ಅಕ್ಕಿಗೇ ಕೈಹಾಕಿದರು.

ಆ ವೈಶಾಖದ ಕಾಗದಗಳು ಪಂಚಾಂಗದೊಳಗೆ ಕೂತು ತಿಂಗಳಾಗಿರಬೇಕು. ಜೂನ್‌ನ ಒಂದು ಭಾನುವಾರ, ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು.

ಐವತ್ತು ದಾಟಿದ ಮನುಷ್ಯ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಫ್ಲಾಪಿ.

“ಸುಮಿತ್ರಾ ಅನ್ನೋರು ನೀವ ಏನ್ರಿ? ನಾ ಗುರಲಿಂಗಪ್ಪ. ಜೋಗೇಶ್ವರಿಯೊಳಗ ಬಾಟ್ಲಿ ಮುಚ್ಚಳ ಮಾಡೂ ಗಾಲಾ, ಸಣ್ಣ ಕಾರ್ಖಾನಿ ಐತ್ರಿ ನಂದು. ಅಡ್ರೆಸ್ ಚೀಟಿ ಮ್ಯಾಲಿತ್ತು, ಬಂದ್‌ಬಿಟ್ಟೆ.”

ಕುರ್ಚಿಯ ತುದಿಯಲ್ಲಿ ಕೂತ. ಜಗಳಕ್ಕೆ ಸಿದ್ಧನಾಗಿ ಬಂದವನಂತೆ ಕಂಡ, ಆದರೆ ಮಾತು ಶುರುವಾಗುತ್ತಿದ್ದಂತೆ ದನಿ ಇಳಿಯಿತು.

“ನಮ್ಮೊಳಗ ಶ್ರಾದ್ಧ ಅಂತ ಮಾಡಂಗಿಲ್ರಿ. ತಿಥಿ ದಿವಸ ಫೋಟೋಕ್ಕ ಹೂವು ಹಾಕಿ, ಜಂಗಮರನ್ನ ಕರದು ಊಟಕ್ಕ ಹಾಕತೀವಿ. ಅಪ್ಪ, ಅವ್ವ, ಅಣ್ಣ ಸಿದ್ದಲಿಂಗಪ್ಪ, ಮೂರು ಮಂದಿ ಹೆಸರು ಹಾಕಿದ್ದೆ. ಈಗ ಎಂಟು ತಿಂಗಳಾತು, ನನ್ನ ಹೇಣತಿ ದಾನವ್ವ ಹೋದ್ಲು. ನಾಕನೇದ್ದು ಆಕಿದು. ನೀವ ಬರದೀರಿ ನಾಕು ಅಂತ. ಹಾಕಾಕ ಹೋದ್ರ ಜಾಗಿಲ್ಲ ಅಂತತಿ ಮಷಿನ್ನು.”

“ನಾಲ್ಕು ಹೋಗುತ್ತೆ. ನಾನೇ ನೋಡಿದೀನಿ.”

“ನಾನೂ ನೋಡೀನ್ರಿ ಅಕ್ಕಾರ. ಮೂರ ಹೋಗ್ತಾವು.” ಅವನು ಚೀಲದ ಗಂಟು ಬಿಚ್ಚತೊಡಗಿದ. “ಒಬ್ರನ್ನ ಎಬ್ಬಿಸಿದ್ರ ಇನ್ನೊಬ್ರಿಗೆ ಜಾಗ ಆಕ್ಕತಿ ಅಂತ ತಿಳದು, ಅವ್ವನ ಹೆಸರು ಅಳಿಸಿದೆ. ಶರಣವ್ವ ಅಂತ. ಅಳಿಸಿದ ಮ್ಯಾಲೂ ಜಾಗಿಲ್ಲ ಅಂತ. ಅವ್ವನ್ನೂ ಕಳಕೊಂಡೆ, ದಾನವ್ವಗೂ ಸಿಗಲಿಲ್ಲ. ನನ್ನಾಕಿ ಅತ್ತಿ ಮಾರಿ ಸೈತ ನೋಡಿದಾಕಿ ಅಲ್ಲ; ಈಗ ಆಕಿ ಜಾಗಾ ಕಸೀಲಿಕ್ಕೆ ಹೋದಂಗಾತು.”

“ನಿಮ್ಮ ತಾಯಿಯ ತಾರೀಖು ಇನ್ನೊಂದು ಸಲ ಹಾಕಿದರಾಯಿತಲ್ಲ?”

ಗುರಲಿಂಗಪ್ಪ ನೆಲ ನೋಡಿದ. ಅವ್ವ ಹೋದಾಗ ಅವನಿಗೆ ನಾಲ್ಕು ವರ್ಷ. ತಾರೀಖು ಸೋದರಮಾವ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಮಾವನೂ ಈಗಿಲ್ಲ. “ಕಂಪ್ಯೂಟರ್ ಬಂದ ಮ್ಯಾಲೆ ಚೀಟಿ ಯಾಕ ಅಂತ ಹರದು ಒಗದೆ,” ಎಂದ. “ನೂರೊಂದಲ್ಲ, ಸಾವಿರ ಕೇಳ್ರಿ, ಕೊಡತೀನಿ. ನನಗ ನಮ್ಮವ್ವನ ದಿವಸ ಬೇಕು.”

ಈಗ ನೋಡದೆ ದಾರಿಯಿರಲಿಲ್ಲ. ಸುಮಿತ್ರಾ ಫ್ಲಾಪಿಯನ್ನು ತೆಗೆದುಕೊಂಡಳು. ಅವಳಿಗೆ ಒಂದು ವಿಷಯ ಗೊತ್ತಿತ್ತು. ಎಂಟು ವರ್ಷದಿಂದ ಇದೇ ಅವಳ ಕಸುಬು. ಅವಳು ಪ್ರೋಗ್ರಾಮು ಬರೆಯುತ್ತಿದ್ದ ಕಂಪ್ಯೂಟರ್ ಭಾಷೆಯಲ್ಲಿ ಅಳಿಸು ಎಂದರೆ ಏನೂ ಅಳಿಸಿಹೋಗುವುದಿಲ್ಲ. ಆ ಸಾಲಿನ ಮುಂದೆ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಸಾಲು ಪರದೆಯಿಂದ ಮರೆಯಾಗುತ್ತದೆ, ಅಷ್ಟೇ. ಪೂರ್ತಿ ತೆಗೆದುಹಾಕಬೇಕೆಂದರೆ ಇನ್ನೊಂದು ಆಜ್ಞೆ ಬೇರೆಯಾಗಿ ಕೊಡಬೇಕು. ಅಲ್ಲಿಯವರೆಗೆ ಹೋದವರು ಕಾಣದೆ ಅಲ್ಲೇ ಕೂತಿರುತ್ತಾರೆ. ಶರಣವ್ವ ಸಿಗುತ್ತಾಳೆ. ಅವಳ ಜೊತೆ ಇನ್ನು ಯಾರು ಸಿಗುತ್ತಾರೆ ಎಂಬುದೂ ಸುಮಿತ್ರಾಳಿಗೆ ಆ ಗಳಿಗೆಯಲ್ಲಿ ಸ್ಪಷ್ಟವಾಗಿ ಗೊತ್ತಾಯಿತು.

ಹೋದ ವರ್ಷ, ಪ್ರೋಗ್ರಾಮು ಮೊದಲ ಬಾರಿಗೆ ನಡೆದ ದಿನ, ಲೆಕ್ಕ ಸರಿಯೋ ಇಲ್ಲವೋ ನೋಡಲು ಖಚಿತವಾಗಿ ಗೊತ್ತಿರುವ ಒಂದು ತಾರೀಖು, ಒಂದು ತಿಥಿ ಬೇಕಿತ್ತು. ಬೆರಳು ತಾನಾಗಿ ಒಂದು ಹೆಸರನ್ನು ಒತ್ತಿತ್ತು. ಯಂತ್ರ ವೈಶಾಖ ಬಹುಳ ಪಂಚಮಿ ಎಂದಿತ್ತು. ಸರಿಯಾಗಿತ್ತು. ಅಷ್ಟರಲ್ಲಿ ಅಮ್ಮ ಕಾಫಿ ಹಿಡಿದು ಒಳಗೆ ಬಂದ ಸದ್ದಾಗಿ, ಗಾಬರಿಯಿಂದ ಅಳಿಸಿದ್ದಳು. ಪೂರ್ತಿ ತೆಗೆಯುವ ಆ ಇನ್ನೊಂದು ಆಜ್ಞೆ ಕೊಟ್ಟಿರಲಿಲ್ಲ. ಆ ಹೆಸರಿದ್ದ ಕಡತವೇ ಪ್ರೋಗ್ರಾಮಿನ ಜೊತೆ ಗ್ರಾಂಟ್ ರೋಡಿಗೆ ಹೋಗಿತ್ತು. ತನ್ನ ಯಂತ್ರಕ್ಕೆ ಆಮೇಲೆ ಬೇರೆ ಹೊಸ ಕಡತ ಮಾಡಿಕೊಂಡಿದ್ದಳು.

ಗುಂಡಿ ಒತ್ತಿದಳು. ಹಸಿರು ಅಕ್ಷರದಲ್ಲಿ ಸಾಲುಗಳು ಮೂಡಿದವು. ಒಟ್ಟು ನಾಲ್ಕು. ಯಂತ್ರ ಎಣಿಸುವಾಗ ಕಾಣುವವರನ್ನೂ ಕಾಣದವರನ್ನೂ ಸೇರಿಸಿ ಎಣಿಸಿತ್ತು. ಕೂಗುವಾಗಲೂ ಹಾಗೆಯೇ.

ಗುರಲಿಂಗಪ್ಪ ಅವಳ ಹಿಂದೆ ಬಂದು ನಿಂತು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಗಟ್ಟಿಯಾಗಿ ಓದಿದ. “ಅಂತೂ ನಮ್ಮವ್ವ ಅದಾಳ್ರಿ! ಶರಣವ್ವ! ಮುಂದ ಚುಕ್ಕಿ ಬಿದ್ದೈತಿ ಆದ್ರೂ ಅದಾಳ!” ಆಮೇಲೆ ಬೆರಳು ಎಲ್ಲಕ್ಕೂ ಮೇಲಿನ ಸಾಲಿಗೆ ಹೋಯಿತು. “ಇದೊಂದಕ್ಕೂ ಚುಕ್ಕಿ ಐತಲ್ಲ. ನಾಣಿ. ಈ ನಾಣಿ ಯಾರ್ರಿ? ನಮ್ಮ ಮಂದಿ ಅಲ್ಲ.”

ಹನ್ನೆರಡು ವರ್ಷದ ಮೇಲೆ ಆ ಹೆಸರು ಆ ಮನೆಯಲ್ಲಿ ಕೇಳಿಸಿತು.

ಬಾಗಿಲಲ್ಲಿ ಅಮ್ಮಣ್ಣಿ ಎರಡು ಲೋಟ ಕಾಫಿ ಹಿಡಿದು ನಿಂತಿದ್ದರು. ಹೊರಗೆ ಬಾಲ್ಕನಿಯಲ್ಲಿ ಅಪ್ಪ ಪತ್ರಿಕೆಯ ಹಾಳೆ ತಿರುವುತ್ತಿದ್ದ ಸದ್ದು ನಿಂತಿತು. ಸುಮಿತ್ರಾಳ ಕೈ ಗುಂಡಿಗಳ ಮೇಲೇ ಇತ್ತು. ಒಂದು ಒತ್ತಿದರೆ ಪರದೆ ಬರಿದಾಗುತ್ತಿತ್ತು. ಒತ್ತಲಿಲ್ಲ.

“ನಮ್ಮೋನು,” ಎಂದರು ಅಮ್ಮಣ್ಣಿ. ಲೋಟಗಳನ್ನು ಮೇಜಿನ ಮೇಲಿಟ್ಟರು. ಒಂದು ತೊಟ್ಟೂ ಚೆಲ್ಲಿರಲಿಲ್ಲ. “ನನ್ನ ಮಗ.”

ಗುರಲಿಂಗಪ್ಪ ಅಮ್ಮನ ಮುಖ ನೋಡಿದ, ಮಗಳ ಮುಖ ನೋಡಿದ, ತಾರೀಖು ಓದಿದ.

“ಹಂಗಾರ ವೈಶಾಖದಾಗ ಕೂಗಿದಾಂವ ಇವನ ಏನು?” ಎಂದ ಮೆಲ್ಲಗೆ. “ಹೆಸರು ಬರಲಿಲ್ಲ ನೋಡ್ರಿ. ನನಗ ಎದಿ ಝಲ್ಲಂತು. ಯಾರರ ಇರಲಿ, ಬಂದಾರಲ್ಲ ಅಂತ ಒಂದ ಹೂವು ಮಷಿನ್ ಮ್ಯಾಲ ಇಟ್ಟು ಕೈ ಮುಗದೆ, ತಾಯಿ.”

ಅಮ್ಮಣ್ಣಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು.

ಸುಮಿತ್ರಾ ಶರಣವ್ವನ ಸಾಲಿನ ನಕ್ಷತ್ರ ತೆಗೆದಳು. ಮಿತಿಯನ್ನು ತೆಗೆದು ದಾನವ್ವನನ್ನು ಸೇರಿಸಿದಳು. ಶರಣವ್ವನ ತಾರೀಖು, ತಿಥಿ ಎರಡನ್ನೂ ಒಂದು ಕಾಗದದ ಮೇಲೆ ಬರೆದುಕೊಟ್ಟು, “ಇದನ್ನು ಹರಿಯಬೇಡಿ” ಎಂದಳು. ಮೇಲಿನ ಸಾಲಿಗೆ ಬಂದಾಗ, “ಇದನ್ನು ಪೂರ್ತಿ ತೆಗೆದುಬಿಡ್ತೀನಿ. ನಿಮ್ಮ ಮನೆಗೆ ಸೇರಿದ್ದಲ್ಲ,” ಎಂದಳು.

“ಇರ್ಲಿ ಬಿಡ್ರಿ,” ಎಂದು ಗುರಲಿಂಗಪ್ಪ ಫ್ಲಾಪಿಗೆ ಕೈಯೊಡ್ಡಿದ. “ಈಗ ಯಾರ ಜಾಗಾನೂ ಹಿಡದಿಲ್ಲಲ್ಲ. ವರ್ಷ ಆತು, ನಮ್ಮ ಮನ್ಯಾಗ ಅದಾನ. ಈಗೆಲ್ಲಿಗೆ ಕಳಸೋದು?” ಹಣ ಕೊಡಲು ಬಂದವನಿಗೆ ಅವಳು ಬೇಡವೆಂದಳು.

ಆ ವಾರವೇ ಅವಳು ಹೊಸ ಫ್ಲಾಪಿ ತೆಗೆದುಕೊಂಡು ಗ್ರಾಂಟ್ ರೋಡಿಗೆ ಹೋದಳು. ಅದರಲ್ಲಿ ಎಷ್ಟು ಹೆಸರಾದರೂ ಹಾಕಬಹುದಿತ್ತು, ಯಾರೂ ತಮ್ಮವರ ಹೆಸರನ್ನು ಅವಳಿಗೆ ಬರೆದು ಕಳಿಸಬೇಕಾಗಿರಲಿಲ್ಲ. ಚೀಟಿಯ ಮೇಲೆ ಎರಡೇ ಸಾಲು: ‘ಒಂದು ತಿಥಿಯನ್ನಾದರೂ ಇದು ಸರಿಯಾಗಿ ನೆನಪಿಸಿದ ಮೇಲೆ ನೂರು ರೂಪಾಯಿ ಕಳಿಸಿ. ಅದಕ್ಕೆ ಮೊದಲು ಬೇಡ.’

ರಮಾನಾಥ ಓದಿ ತಲೆ ಕೆರೆದುಕೊಂಡ. “ಬೀಗ ಇಲ್ಲ, ಲೆಕ್ಕ ಇಲ್ಲ. ಒಂದು ವರ್ಷ ಕಾದು ಕೊಡುವವರು ಯಾರು ಅಕ್ಕ?”

“ಕೊಡುವವರು ಕೊಡ್ತಾರೆ. ಹಳೇದನ್ನೆಲ್ಲ ವಾಪಸ್ ತರಿಸೋಕೆ ಆಗುತ್ತಾ?”

“ನಾನು ಮಾಡಿದ್ದು ಎಂಬತ್ತು ಕಾಪಿ. ಅದರಿಂದ ಜನ ಎಷ್ಟು ಮಾಡಿದ್ರೋ, ಅವರಿಂದ ಇನ್ನೆಷ್ಟೋ. ಬಾಯಿಂದ ಹೊರಟ ಹೊಗೆ ಹಿಡೀಲಿಕ್ಕೆ ಆಗ್ತದಾ?” ಅವನು ಹೊಸ ಫ್ಲಾಪಿಯನ್ನು ಬೆಳಕಿಗೆ ಹಿಡಿದು ನೋಡಿದ. “ಎಂತ ತಪ್ಪಿತ್ತು ಹಳೇದ್ರಲ್ಲಿ?”

ಅವಳು ಅಟ್ಟದ ಮೆಟ್ಟಿಲಿಳಿದು ಮನೆಗೆ ಬಂದಳು. ನೋಟ್‌ಬುಕ್ಕಿನಲ್ಲಿ ವಿಳಾಸ ಇದ್ದವರಿಗೆಲ್ಲ, ನೀಲಾಬಾಯಿಗೂ, ಕಾರ್ಡು ಬರೆದಳು. ಉಳಿದವರಿಗೆ ಬರೆಯಲು ವಿಳಾಸ ಎಲ್ಲಿತ್ತು?

ಮರುವರ್ಷ ವೈಶಾಖ ಬಹುಳ ಪಂಚಮಿಯ ಬೆಳಿಗ್ಗೆ ಸುಮಿತ್ರಾ ರಜೆ ಹಾಕಿದಳು. ಸ್ನಾನ ಮುಗಿಸಿ ಬಂದು ಯಂತ್ರ ಶುರು ಮಾಡಿದಳು. ಈಗ ಅವರ ಮನೆಯ ಕಡತದಲ್ಲಿ ನಾಲ್ಕು ಹೆಸರಿದ್ದವು, ಯಾವುದಕ್ಕೂ ನಕ್ಷತ್ರವಿರಲಿಲ್ಲ. ಎರಡು ಸಲ ಕೂಗಿತು. ಅಪ್ಪ ಬಾಲ್ಕನಿಯಿಂದ ಎದ್ದು ಬಂದು, ಕನ್ನಡಕ ಹಾಕಿಕೊಂಡು, ಪರದೆಯನ್ನು ಓದಿದರು. ಆಮೇಲೆ ಹೋಗಿ ಅಂಗಡಿಯಿಂದ ಒಂದು ಮೊಳ ಮಲ್ಲಿಗೆ ತಂದು ಅಮ್ಮನ ಕೈಗೆ ಕೊಟ್ಟು ಮತ್ತೆ ಪತ್ರಿಕೆ ಹಿಡಿದು ಕೂತರು. ಹಾಳೆ ತಿರುವುವ ಸದ್ದು ಮಾತ್ರ ಬರಲಿಲ್ಲ.

ಅಮ್ಮಣ್ಣಿ ಮಲ್ಲಿಗೆಯನ್ನು ಯಂತ್ರದ ಮೇಲಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತರು. ಕೆಳಗೆ ಸ್ಟೇಷನ್ನಿನ ಕಡೆಯಿಂದ ಲೋಕಲ್ ಹೋದ ಸದ್ದು ಬಂತು. ಅದು ಪೂರ್ತಿ ಅಡಗುವವರೆಗೆ ಕಾದರು.

“ಸುಮೀ, ಈಗ ಎಷ್ಟು ಮನೇಲಿ ಕೂಗಿರಬಹುದೇ ಅವನು?”

“ಗೊತ್ತಿಲ್ಲಮ್ಮ.”

“ಹೆಸರು ಕಾಣಲ್ಲ ಅಲ್ವೆ ಅವರಿಗೆ?”

“ಕಾಣಲ್ಲ.”

ಅಮ್ಮಣ್ಣಿ ಮಲ್ಲಿಗೆಯ ದಾರವನ್ನು ನೆಟ್ಟಗೆ ಮಾಡಿದರು. “ಹೆದರ್ಕೋತಾರೇನೋ ಪಾಪ,” ಎಂದರು. “ಅವನು ಯಾರನ್ನೂ ಹೆದರಿಸೋ ಹುಡುಗ ಅಲ್ಲ ಅಂತ ಯಾರು ಹೇಳ್ಬೇಕು ಅವರಿಗೆ?”

ಪರದೆ ಎಷ್ಟು ಹೊತ್ತಾದರೂ ಹಾಗೇ ಉರಿಯುತ್ತಿತ್ತು. ಆರಿಸು ಎಂದು ಯಾರೂ ಹೇಳಲಿಲ್ಲ.